ಒಡಪಿನೊಳಗಿನ ಹೆಸರು

ನಮ್ಮ ಅತ್ತೆಯವರಿಗೆ ದೇವರು ಕೊಟ್ಟ ದನಿ ಒಬ್ಬರಿಗೆ ಸಾಕಾಗಿ ಮಿಗುವಷ್ಟಿತ್ತು. ಸದಲಗಾದ ಹತ್ತಿರ, ದೂಧಗಂಗೆಯ ದಂಡೆಗೆ ನಮ್ಮ ಕಬ್ಬಿನ ತೋಟ. ತೋಟದ ಮನೆಯ ಕಟ್ಟೆಯ ಮೇಲೆ ನಿಂತು ಅವರು ಎಮ್ಮೆಯನ್ನು ಬೈದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತಿ ನೋಡುತ್ತಿದ್ದರು. ಮಾವನವರು ಹೊಲದ ಆ ತುದಿಯಲ್ಲಿ ನೀರು ಹಾಯಿಸುತ್ತಿದ್ದರೆ, ಊಟಕ್ಕೆ ಕರೆಯಲು ಅತ್ತೆ "ಏನ್ರೀ" ಎಂದು ಕೂಗುವರು. ನಮ್ಮ ಕಡೆ ಎಲ್ಲ ಹೆಂಡಂದಿರೂ ಗಂಡನನ್ನು ಕರೆಯುವುದು ಹಾಗೆಯೇ. ಆದ್ದರಿಂದ ಅಕ್ಕಪಕ್ಕದ ತೋಟಗಳಿಂದ ಮೂರ್ನಾಲ್ಕು ಗಂಡಸರು ಒಮ್ಮೆಲೇ "ಓ" ಅನ್ನುತ್ತಿದ್ದರು. ಯಾರ ಹೆಂಡತಿ ಕರೆದದ್ದು ಎಂದು ಗೊತ್ತಾದ ಮೇಲೆ ನಗುತ್ತ ಮತ್ತೆ ಕೆಲಸಕ್ಕೆ ಬಾಗುತ್ತಿದ್ದರು.

ನಾನು ಅಥಣಿ ಕಡೆಯವಳು. ದ್ರಾಕ್ಷಿ ತೋಟದ ಮನೆ, ಮೆತ್ತಗೆ ಮಾತಾಡುವ ಜನ. ಎಂಬತ್ತರ ದಶಕದ ಶುರುವಿನಲ್ಲಿ ಸೊಸೆಯಾಗಿ ಬಂದಾಗ ಈ ಮನೆಯಲ್ಲಿ ದಿನಾ ಜಗಳ ನಡೆಯುತ್ತದೆ ಎಂದೇ ತಿಳಿದಿದ್ದೆ. ಅದು ಜಗಳವಲ್ಲ, ಅತ್ತೆ ಚಾ ಬೇಕೇನು ಎಂದು ಕೇಳುವ ರೀತಿ ಅಷ್ಟೇ ಎಂದು ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ನಮ್ಮ ಅತ್ತೆಯ ಬಾಯಿಯಿಂದ ಇಡೀ ಓಣಿಯೇ ಬದುಕುತ್ತಿತ್ತು. ನಳಕ್ಕೆ ನೀರು ಬಿಡದಿದ್ದರೆ, ಬಸ್ಸಿನವನು ನಿಲ್ಲಿಸದೆ ಹೋದರೆ ಹೆಂಗಸರು ಮೊದಲು ನಮ್ಮ ಬಾಗಿಲಿಗೆ ಬರುತ್ತಿದ್ದರು. ಮಾವನವರು ಇದಕ್ಕೆ ಪೂರ್ತಿ ಉಲ್ಟಾ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು, ಅದರಲ್ಲೂ ಅರ್ಧ ಎಮ್ಮೆಗಳಿಗೆ. ಅವರ ಪಾಲಿನದನ್ನೂ ಅತ್ತೆಯೇ ಆಡಿ ಮುಗಿಸುತ್ತಿದ್ದರು. ಬಂದ ಬೀಗರು "ಯಾಂಗ ಅದೀರಿ?" ಎಂದು ಮಾವನವರನ್ನು ಕೇಳಿದರೆ, "ಅರಾಮ ಅದಾರ್ರಿ, ಮೊಣಕಾಲ ಒಂದ ನೋಯ್ತಾವ" ಎಂದು ಉತ್ತರ ಅಡುಗೆಮನೆಯಿಂದ ಬರುತ್ತಿತ್ತು.

ಇಷ್ಟು ಮಾತಿನ ಹೆಂಗಸು ದಿನದ ಮಾತಿನಲ್ಲಿ ಎಂದೂ ಆಡದ ಒಂದೇ ಒಂದು ಶಬ್ದವೆಂದರೆ ಗಂಡನ ಹೆಸರು. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಲ್ಲರಿಗೂ ಇತ್ತು, ಆದರೆ ಅತ್ತೆಗೆ ಅದು ನಂಬಿಕೆಯಾಗಿರಲಿಲ್ಲ, ಕಣ್ಣಾರೆ ಕಂಡ ಸಂಗತಿಯಾಗಿತ್ತು. ಅವರ ಅಕ್ಕ ಒಮ್ಮೆ ಜಗಳದಲ್ಲಿ ಗಂಡನ ಹೆಸರು ಹಿಡಿದು ಬೈದಳಂತೆ. ಅದೇ ಮಳೆಗಾಲದಲ್ಲಿ ಆತನಿಗೆ ಹಾವು ಕಚ್ಚಿತು. ನಾನು ಹೊಸದಾಗಿ ಬಂದಾಗ ನನ್ನ ಗಂಡನ ಹೆಸರು ಬಾಯಿ ತಪ್ಪಿ ಬಂದದ್ದಕ್ಕೆ, ಉಣ್ಣುತ್ತಿದ್ದ ಮಗನನ್ನು ಎಬ್ಬಿಸಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಮನೆತುಂಬ ಘಾಟು ಎದ್ದು ಎಲ್ಲರೂ ಕೆಮ್ಮಿದೆವು.

ಮಾವನ ಹೆಸರನ್ನು ಸೊಸೆಯೂ ಹೇಳುವಂತಿಲ್ಲ. ಒಂದು ಸಲ ಮತ ಹಾಕಲು ಹೋದಾಗ ಕೂತಿದ್ದ ಮಾಸ್ತರರು ಅತ್ತೆಗೆ "ಗಂಡನ ಹೆಸರು?" ಎಂದು ಕೇಳಿದರು. ಅತ್ತೆ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಇಬ್ಬರೂ ಮೂಕಬಸವನ ಹಾಗೆ ನಿಂತೆವು. ಹಿಂದಿನ ಸಾಲು ಬೆಳೆಯುತ್ತ ಹೋಯಿತು. ಕೊನೆಗೆ ಸಾಲಿನಲ್ಲಿದ್ದ ಗಂಡಸೊಬ್ಬ ಬೇಸತ್ತು ಹೆಸರು ಕೂಗಿ ಹೇಳಿದ. ಈಗ ಈ ಪ್ರಸಂಗ ಬರೆಯುವಾಗಲೂ ಆ ಹೆಸರನ್ನು ನಾನು ಬರೆಯುವವಳಲ್ಲ. ಅದು ಬರುವಲ್ಲಿ ಖಾಲಿ ಬಿಡುತ್ತೇನೆ, ಓದುವವರು ತಮಗೆ ಬೇಕಾದ ಒಳ್ಳೆಯ ಹೆಸರೊಂದನ್ನು ಇಟ್ಟುಕೊಳ್ಳಬೇಕು.

ತೊಂಬತ್ತರ ದಶಕದ ಶುರುವಿನಲ್ಲಿ, ಒಂದು ಬೆಳಿಗ್ಗೆ ಎಮ್ಮೆ ಹಿಂಡುತ್ತಿದ್ದಾಗ ಅತ್ತೆಗೆ ಲಕ್ವಾ ಹೊಡೆಯಿತು. ಚರಿಗೆ ಉರುಳಿದ ಸಪ್ಪಳ ಕೇಳಿ ನಾನು ಓಡಿದೆ. ಚೆಲ್ಲಿದ ಹಾಲಿನಲ್ಲಿ ಅತ್ತೆ ಕುಳಿತಿದ್ದರು, ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಬಾಯಿ ಒಂದು ಕಡೆ ಜಗ್ಗಿತ್ತು. ನಮ್ಮ ಭಾಗದ ಎಲ್ಲರ ಹಾಗೆ ನಾವೂ ಜೀಪು ಮಾಡಿಕೊಂಡು ಮಿರಜದ ದೊಡ್ಡ ದವಾಖಾನೆಗೆ ಹೋದೆವು. ಜೀವ ಉಳಿಯಿತು. ಕಾಲು ಎಳೆದುಕೊಂಡು ನಡೆಯುವಷ್ಟು ಶಕ್ತಿಯೂ ಬಂತು. ಮಾತು ಮಾತ್ರ ಹೋಗಿಬಿಟ್ಟಿತು.

ಪೂರ್ತಿ ಹೋಗಿದ್ದರೆ ಒಂದು ಲೆಕ್ಕ. ಒಂದು ಶಬ್ದ ಉಳಿದಿತ್ತು. ಅದು ಯಾವುದು ಎಂದರೆ, ಹೇಳಲು ನಾಚಿಕೆ, "ಭಾಡ್ಯಾ". ನಮ್ಮ ಕಡೆ ದನಕ್ಕೂ ಜನಕ್ಕೂ ಸಲೀಸಾಗಿ ಬಳಸುವ ಬೈಗುಳ. ನೀರು ಬೇಕಾದರೂ ಭಾಡ್ಯಾ, ಹಸಿವಾದರೂ ಭಾಡ್ಯಾ, ಬೆನ್ನು ತುರಿಸಿದರೂ ಭಾಡ್ಯಾ. ಮನಸ್ಸಿನಲ್ಲಿ ನೀರು ಎಂದೇ ಇರುತ್ತಿತ್ತು, ನಾಲಿಗೆಗೆ ಅದು ಬರುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನೋಡಲು ಬಂದ ಮಠದ ಅಯ್ಯನವರು ತಲೆಯ ಮೇಲೆ ಕೈಯಿಟ್ಟು "ಅರಾಮ ಆಗ್ತೈತಿ ತಾಯಿ" ಅಂದರು. ಅತ್ತೆ ಕಣ್ಣು ತುಂಬ ಭಕ್ತಿ ತುಂಬಿಕೊಂಡು ಅವರಿಗೂ ಅದನ್ನೇ ಅಂದರು. ಅಯ್ಯನವರು ದೊಡ್ಡವರು, ಕೇಳಿಸದವರ ಹಾಗೆ ವಿಭೂತಿ ಹಚ್ಚಿ ಹೋದರು. ನಮಗೆ ಒಳಗೊಳಗೆ ನಗೆ, ಹೊರಗೆ ಸಂಕಟ.

ಆದರೆ ಅತ್ತೆಗೆ ತಾವು ಏನು ಅಂದೆವೆಂಬುದು ಕೇಳಿಸುತ್ತಿತ್ತು. ಒಂದು ಮಧ್ಯಾಹ್ನ ಮಾವನವರು ತಾವೇ ಚಾ ಮಾಡಿಕೊಂಡು ಬಂದು, ಬಸಿಯಲ್ಲಿ ಆರಿಸಿ ಅವರ ಬಾಯಿಗೆ ಹಿಡಿದರು. ಅತ್ತೆ ಕುಡಿದು, ಗಂಡನ ಮುಖ ನೋಡಿ, ಏನೋ ಪ್ರೀತಿಯ ಮಾತು ಆಡಲು ಹೋದರು. ಬಂದದ್ದು ಅದೇ. ಮಾವನವರು "ಆಗಲಿ, ಆಗಲಿ" ಎಂದು ನಕ್ಕರು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದರು. ಅಂದಿನಿಂದ ಅವರು ಬಾಯಿ ತೆರೆಯುವುದನ್ನೇ ಬಿಟ್ಟರು. ಆ ದನಿಯನ್ನು ಕೇಳಿ ಕೇಳಿ ತಲೆನೋವು ಬರುತ್ತಿದ್ದ ನನಗೆ ಮನೆ ಭಣಗುಟ್ಟತೊಡಗಿತು. ನಾನು ಸದಲಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಸಂಜೆ ಬಂದಾಗ "ಬಂದ್ಯಾ? ಇಷ್ಟೊತ್ತ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದು ಯಾರೂ ಕೇಳುತ್ತಿರಲಿಲ್ಲ. ಅದು ನನಗೆ ಅಷ್ಟು ಬೇಕಾಗಿತ್ತು ಎಂದು ಆಗ ಗೊತ್ತಾಯಿತು.

ಓಣಿಯವರು ಹೇಳಿದ ಔಷಧಗಳೆಲ್ಲ ಆದವು. ಮಕ್ಕಳಿಗೆ ಮಾತು ಬರಲೆಂದು ತೇಯ್ದು ಹಾಕುವ ಬಜೆಯ ಬೇರನ್ನು ಜೇನಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದೆವು. ಚಿಂಚಲಿ ಮಾಯಕ್ಕನ ಗುಡಿಯಿಂದ ಭಂಡಾರದ ಅರಿಷಿಣ ತಂದು ಹಣೆಗೆ ಹಚ್ಚಿದೆವು. ಆಮೇಲೆ ನನ್ನ ಜೊತೆ ಕೆಲಸ ಮಾಡುವ ಮಾಸ್ತರಬಾಯಿಯೊಬ್ಬರು, ನಿಪ್ಪಾಣಿಯಲ್ಲಿ ಕಿವಿ-ಮೂಗಿನ ಡಾಕ್ಟರರ ದವಾಖಾನೆಗೆ ವಾರಕ್ಕೊಮ್ಮೆ ಬೆಳಗಾವಿಯಿಂದ ಮಾತು ಕಲಿಸುವ ಬಾಯಿ, ಅಂದರೆ ಹೆಣ್ಣು ಡಾಕ್ಟರು, ಬರುತ್ತಾರೆ ಎಂದರು. ಮಾತು ಕಲಿಸಲಿಕ್ಕೂ ಡಾಕ್ಟರು ಇರುತ್ತಾರೆಂಬುದು ನನಗೇ ಹೊಸದು. ಅತ್ತೆಯನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟೆ.

ಆಕೆ ಮೈಸೂರು ಕಡೆಯ ಹುಡುಗಿ, ಎರಡು ಜಡೆ ಹಾಕಿದರೆ ನನ್ನ ವಿದ್ಯಾರ್ಥಿನಿಯ ಹಾಗೆ ಕಾಣುವಂಥವಳು. ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕನ್ನಡಿ, ಒಂದು ಡಬ್ಬಿ ತುಂಬ ಚಿತ್ರದ ರಟ್ಟುಗಳು. ಕಿಟಕಿಯಿಂದ ಊರಿನ ತಂಬಾಕು ಗೋದಾಮುಗಳ ಘಾಟು ಬಂದಾಗಲೆಲ್ಲ ಪಾಪ ಸೀನುತ್ತಿದ್ದಳು. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಜೊತೆ ರಾಯಬಾಗ ಕಡೆಯ ಒಬ್ಬ ತಾಯಿ ತನ್ನ ಪುಟ್ಟ ಹುಡುಗಿಯನ್ನು ಕರೆದುಕೊಂಡು ಬರುತ್ತಿದ್ದಳು. ಆ ಮಗುವಿಗೆ ಮಾತು ತಡವಾಗಿತ್ತು, ಏನು ಬೇಕಾದರೂ ತಾಯಿಯ ಸೀರೆ ಜಗ್ಗಿ ತೋರಿಸುತ್ತಿತ್ತು. ಬಾಯಿಯವರು ಅತ್ತೆಯನ್ನೂ ಮಗುವನ್ನೂ ಎದುರುಬದುರು ಕೂಡಿಸಿ ಮೇಜಿನ ಮೇಲಿನ ಕಾಗದದ ಚೂರುಗಳನ್ನು ಊದಿಸುತ್ತಿದ್ದರು. ಅತ್ತೆಯ ತುಟಿ ಒಂದು ಕಡೆ ಜಾರಿ ಗಾಳಿ ಪಕ್ಕಕ್ಕೆ ಹೋಗುತ್ತಿತ್ತು. ಮಗು ಕೈತಟ್ಟಿ ನಗುತ್ತಿತ್ತು. ಲಕ್ವಾ ಹೊಡೆದ ಮೇಲೆ ಅತ್ತೆ ಮೊದಲ ಸಲ ನಕ್ಕದ್ದು ಆ ಮಗುವಿನ ಜೊತೆ.

ಮೊದಲ ದಿನ ಬಾಯಿಯವರು ಪರೀಕ್ಷೆ ಮಾಡಿದರು. "ಅಮ್ಮಾ, ನಿಮ್ಮ ಊರು ಯಾವುದು?" ಅತ್ತೆ ಬಾಯಿ ತೆರೆಯಲಿಲ್ಲ. ಇಡ್ಲಿ ಪಾತ್ರೆಯ ಚಿತ್ರ ತೋರಿಸಿದರು. ಅಂಥ ಪಾತ್ರೆ ಅತ್ತೆ ಕಂಡವರೇ ಅಲ್ಲ. ಕೊನೆಗೆ ನಗುತ್ತ, "ಹೋಗಲಿ, ಯಜಮಾನರ ಹೆಸರು ಹೇಳಿ ನೋಡೋಣ" ಅಂದರು. ಅತ್ತೆ ತುಟಿಗಳನ್ನು ಎಷ್ಟು ಬಿಗಿಯಾಗಿ ಮುಚ್ಚಿದರೆಂದರೆ ಜೋತುಬಿದ್ದ ಬಾಯಿ ಕೂಡ ನೆಟ್ಟಗಾಯಿತು. ನಾನು ಸಂಗತಿ ವಿವರಿಸಿದೆ. "ಹಾಗಾದರೆ ಆ ಪ್ರಶ್ನೆ ಕೇಳಿದ್ದು ನನ್ನದೇ ತಪ್ಪು. ಆದರೆ ತುಟಿ ಚೆನ್ನಾಗಿ ಮುಚ್ಚುತ್ತಾರೆ ಅಂತ ಗೊತ್ತಾಯ್ತಲ್ಲ" ಎಂದು ಆಕೆ ನಕ್ಕುಬಿಟ್ಟಳು. ನನಗೆ ಆ ಹುಡುಗಿ ಆಗಲೇ ಸೇರಿದಳು.

ಬೈಗುಳದ ಕತೆಯನ್ನು ಹೇಳಿದಾಗ ಆಕೆ ನಗಲಿಲ್ಲ. "ಹೊಸದಾಗಿ ಮಾತು ಕಟ್ಟೋ ಜಾಗಕ್ಕೆ ಪೆಟ್ಟಾಗಿದೆ. ಆದ್ರೆ ಬಾಯಿಪಾಠ ಆಗಿರೋದು, ಹಾಡು, ಎಣಿಕೆ, ಬೈಗುಳ, ಇವೆಲ್ಲ ಬೇರೆ ಕಡೆ ಉಳಿದಿರುತ್ತೆ. ಮುಂದಿನ ಬಾಗಿಲು ಹಾಕಿದ್ರೆ ಹಿತ್ತಲ ಬಾಗಿಲಿಂದ ಹೋಗಬೇಕು. ಅವರಿಗೆ ಯಾವ ಹಾಡು ಬರುತ್ತೆ?" ಎಂದು ಕೇಳಿದಳು. ಅತ್ತೆಗೆ ಹಾಡು ಬರುತ್ತಿರಲಿಲ್ಲ. ಅಷ್ಟು ದೊಡ್ಡ ದನಿಗೆ ರಾಗವೆಂಬುದೇ ಇರಲಿಲ್ಲ, ಮದುವೆಗಳಲ್ಲಿ ಅವರು ಹಾಡಲು ಬಾಯಿ ತೆರೆದರೆ ಉಳಿದ ಹೆಂಗಸರು ಕೆಲಸ ಕೊಟ್ಟು ಒಳಗೆ ಕಳಿಸುತ್ತಿದ್ದರು. ಎಣಿಕೆ ಮಾಡಿಸಿದೆವು. ಐತವಾರ, ಸೋಮವಾರ ಎಂದು ನಾನು ಶುರು ಮಾಡಿದರೆ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಭಾಡ್ಯಾ ಬಂದುಬಿಟ್ಟೀತೆಂಬ ಹೆದರಿಕೆ.

ಹೀಗಿರುವಾಗ ನನ್ನ ನಾದಿನಿ ಬಸುರಿಯಾಗಿ ತವರಿಗೆ ಬಂದಳು. ಕುಬಸದ, ಅಂದರೆ ಸೀಮಂತದ ದಿನ ಮನೆತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಆಮೇಲೆ ಒಡಪು. ಗಂಡನ ಹೆಸರು ಹೇಳಬಾರದು ಎಂದು ವರ್ಷವಿಡೀ ಬಾಯಿ ಕಟ್ಟಿಸುವ ಹೆಂಗಸರೇ ಮದುವೆ, ಕುಬಸಗಳಲ್ಲಿ ಅದನ್ನು ಹೇಳು ಹೇಳು ಎಂದು ಗಂಟುಬೀಳುತ್ತಾರೆ. ಬರೀ ಹೆಸರು ಹೇಳುವಂತಿಲ್ಲ, ಪ್ರಾಸದ ಎರಡು ಮೂರು ಸಾಲು ಕಟ್ಟಿ ಅದರೊಳಗೆ ಹೆಸರು ಇಟ್ಟು ಹೇಳಬೇಕು. ಅದೇ ಒಡಪು. ಪ್ರತಿಯೊಬ್ಬ ಹೆಣ್ಣಿಗೂ ತನ್ನದೊಂದು ಇರುತ್ತದೆ, ಮದುವೆಗೆ ಮುಂಚೆ ತಾಯಿಯೋ ಅಜ್ಜಿಯೋ ಬಾಯಿಪಾಠ ಮಾಡಿಸಿ ಕಳಿಸಿರುತ್ತಾರೆ. ಅಂದು ನಾದಿನಿ ಹೇಳಿದಳು, ನಾನೂ ನನ್ನದನ್ನು ಹೇಳಿದೆ, ಓಣಿಯವರೆಲ್ಲ ಒಬ್ಬೊಬ್ಬರಾಗಿ ಹೇಳಿದರು.

ಮಾವನವರ ಅಕ್ಕ ಒಬ್ಬರಿದ್ದರು, ಕಿವಿ ಮಂದ, ಸಂಕೋಚವಂತೂ ಹುಟ್ಟಿನಿಂದ ಇಲ್ಲ. ಅತ್ತೆ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಆರತಿ ತಟ್ಟೆಯನ್ನು ಅವರ ಮುಖದ ಮುಂದೆ ಹಿಡಿದು ಆ ಮುದುಕಿ ಅಂದರು, "ಏ ತಂಗಿ, ಈಗ ನಿನ್ನ ಪಾಳಿ. ನಮ್ಮ ತಮ್ಮನ ಹೆಸರ ಹೇಳು."

"ಅತ್ತಿಯವರಿಗೆ ಮಾತ ಬರೂದಿಲ್ರಿ" ಎಂದು ನಾನು ಕಿವಿಯ ಹತ್ತಿರ ಹೋಗಿ ಹೇಳಿದೆ.

"ನೀ ಸುಮ್ಕಿರ. ಹೇಳ ತಂಗಿ."

ಶುಭಕಾರ್ಯದಲ್ಲಿ, ಬಸುರಿ ಹೆಣ್ಣಿನ ಮುಂದೆ ಭಾಡ್ಯಾ ಬಂದರೇನು ಗತಿ ಎಂದು ಹೆದರಿದೆ. ಅತ್ತೆ ಆರತಿಯ ದೀಪ ನೋಡಿದರು. ಎಡಗೈಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಎಮ್ಮೆ ಬೈಯುವಾಗಿನ ಅದೇ ದನಿಯಲ್ಲಿ, ಒಂದೇ ಉಸಿರಿಗೆ ಬಂತು:

"ಹೊಳಿ ದಂಡ್ಯಾಗ ಎಮ್ಮಿ ಕಟ್ಟೀನಿ,
ಬೆಳ್ಳಿ ಬಟ್ಟಲದಾಗ ಬೆಣ್ಣಿ ಇಟ್ಟೀನಿ,
... ಅವರ ಹೆಸರ ಹೇಳಿ ಹೊಸ್ತಿಲಾ ದಾಟೀನಿ."

ನಾನು ಖಾಲಿ ಬಿಟ್ಟ ಜಾಗದಲ್ಲಿ ಹೆಸರು ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿತ್ತು. ನಾದಿನಿ ಹೋಗಿ ತಾಯಿಯ ತೊಡೆಯ ಮೇಲೆ ತಲೆ ಇಟ್ಟುಬಿಟ್ಟಳು. ಹೊರಗೆ ಕಟ್ಟೆಯ ಮೇಲೆ ಗಂಡಸರ ಜೊತೆ ಕೂತಿದ್ದ ಮಾವನವರು, ತಮ್ಮನ್ನು ಯಾರೋ ಕರೆದರೆಂದು "ಓ" ಎನ್ನುತ್ತ ಹೆಂಗಸರ ನಡುವೆ ಬಂದು ನಿಂತರು. ಕರೆದವರು ಯಾರೆಂದು ತಿಳಿದಾಗ ಅಲ್ಲೇ ಹೊಸ್ತಿಲ ಮೇಲೆ ಕೂತರು.

ಮರುದಿನದಿಂದ ಅತ್ತೆಯ ಬಾಯಿ ಮತ್ತೆ ತೆರೆಯಿತು, ಭಾಡ್ಯಾ ಹೋಯಿತು. ಅದರ ಜಾಗಕ್ಕೆ ಆ ಹೆಸರು ಬಂದು ಕೂತಿತು. ನೀರು ಬೇಕಾದರೆ ಮಾವನವರ ಹೆಸರು, ಹಸಿವಾದರೆ ಮಾವನವರ ಹೆಸರು. ನನ್ನನ್ನು ಕರೆದರೂ ಬರುತ್ತಿದ್ದವರು ಮಾವನವರೇ, ಎಮ್ಮೆಯನ್ನು ಕರೆದರೂ ಅವರೇ. ಅವರು ಒಂದು ಸಲವೂ ಬೇಸರಿಸಲಿಲ್ಲ. ಕೊಡಲಿ ಕೆಳಗಿಟ್ಟು, ಪಂಪಿನ ಸ್ವಿಚ್ಚು ಬಿಟ್ಟು, "ಓ ಬಂದ್ನಿ" ಎಂದು ಬಂದು, "ನೀರೇನು? ಚಾ ಏನು? ಹೊರಗ ಕುಂಡ್ರತಿ ಏನು?" ಎಂದು ಒಂದೊಂದಾಗಿ ಕೇಳುತ್ತ ನಿಲ್ಲುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮಗೆಲ್ಲ ಸಂತೋಷ, ಅತ್ತೆಗೆ ಮಾತ್ರ ನರಕ. ಹೆಸರು ಬಾಯಿಂದ ಬಿದ್ದಾಗಲೆಲ್ಲ ಎಡಗೈಯಿಂದ ಕೆನ್ನೆ ಕೆನ್ನೆ ಬಡಿದುಕೊಳ್ಳುವರು, ತಾಳಿ ಕಣ್ಣಿಗೆ ಒತ್ತಿಕೊಳ್ಳುವರು. ಬೈಗುಳವಾದರೆ ಮಾನ ಹೋಗುತ್ತಿತ್ತು, ಇದರಿಂದ ಗಂಡನ ಜೀವವೇ ಹೋಗುತ್ತದೆ ಎಂಬುದು ಅವರ ಲೆಕ್ಕ. ಗಾಯದ ಮೇಲೆ ಬರೆ ಎಂಬಂತೆ ಆ ಮಳೆಗಾಲದಲ್ಲಿ ಮಾವನವರು ನೆನೆದುಕೊಂಡು ಬಂದು ಜ್ವರ ಹಿಡಿದು ಮಲಗಿದರು. ಅತ್ತೆ ಅವರ ಮಂಚದ ಕಾಲಿಗೆ ಒರಗಿ ಕೂತು, ಸೆರಗನ್ನು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿಸಿಕೊಂಡರು. ಉಣ್ಣುವಾಗ ಬಿಚ್ಚುವುದು, ಮತ್ತೆ ಕಟ್ಟುವುದು. ನಿಪ್ಪಾಣಿಗೆ ಹೋಗೋಣ ಎಂದರೆ ಮಂಚದ ಕಾಲು ಬಿಡಲಿಲ್ಲ.

ನಾನೊಬ್ಬಳೇ ಹೋಗಿ ಬಾಯಿಯವರಿಗೆ ಹೇಳಿದೆ. ಆಕೆಯ ಮುಖ ಸಣ್ಣದಾಯಿತು. "ಈಗ ಬಾಗಿಲು ಸ್ವಲ್ಪ ತೆರೆದಿದೆ. ಈಗಲೇ ಅಭ್ಯಾಸ ನಿಲ್ಲಿಸಿದ್ರೆ ಆಮೇಲೆ ಬಹಳ ಕಷ್ಟ ಆಗುತ್ತೆ. ಹೇಗಾದ್ರೂ ಕರ್ಕೊಂಡು ಬನ್ನಿ" ಅಂದಳು. ಮನೆಗೆ ಬಂದು ನಾನೂ ನನ್ನ ಗಂಡನೂ ತಿಳಿಸಿ ಹೇಳಿದೆವು. ಇದು ಮಳೆಗಾಲದ ಜ್ವರ, ಊರಲ್ಲಿ ಅರ್ಧ ಜನಕ್ಕೆ ಬಂದಿದೆ, ಅವರ ಹೆಂಡಂದಿರೇನು ಹೆಸರು ಹೇಳಿದ್ದಾರೆಯೇ ಎಂದು ಕೇಳಿದೆವು. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ, ಇಷ್ಟು ಕಲಿತರೂ ನಿನಗೆ ಬುದ್ಧಿ ಬರಲಿಲ್ಲವಲ್ಲ ಎಂಬುದು ಮಾತಿಲ್ಲದೆಯೂ ತಿಳಿಯುತ್ತಿತ್ತು. ತಮ್ಮ ಮಾತನ್ನೇ ಬಿಟ್ಟುಕೊಟ್ಟು ಗಂಡನ ಜೀವ ಉಳಿಸಿಕೊಳ್ಳುವುದೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಅಂಥ ಹಟದ ಮುಂದೆ ಅಳುವುದು ಬಿಟ್ಟು ನನಗೆ ಬೇರೆ ಏನೂ ತೋಚಲಿಲ್ಲ.

ಜ್ವರ ಬಿಟ್ಟ ಮೇಲೆ ಮಾವನವರು ಒಂದು ಬೆಳಿಗ್ಗೆ ಒಗೆದ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿಕೊಂಡು ಬಂದು ಹೆಂಡತಿಯ ಮುಂದೆ ನಿಂತರು. "ನಡಿ, ನಿಪ್ಪಾಣಿಗಿ. ನಾನೂ ಬರ್ತೀನಿ" ಅಂದರು. ಅಷ್ಟು ಕಾಲದ ಸಂಸಾರದಲ್ಲಿ ಅವರು ತಾವಾಗಿ ಎಲ್ಲಿಗಾದರೂ ಕರೆದದ್ದು ಅದೇ ಮೊದಲಿರಬೇಕು. ಅತ್ತೆ ಎದ್ದರು, ಬಾಯಿಗೆ ಕಟ್ಟಿದ ಸೆರಗಿನ ಸಮೇತ.

ದವಾಖಾನೆಯ ಕೋಣೆಯಲ್ಲಿ ಮಾವನವರು ಕುರ್ಚಿಯ ತುದಿಯಲ್ಲಿ ಕೂತು, ಪಟಕಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಯವರಿಗಲ್ಲ, ಹೆಂಡತಿಗೆ ಹೇಳಿದರು.

"ಬರೇ ಹೆಸರ ಹೇಳಿದ್ರ ದೋಷ. ಒಡಪಿನ್ಯಾಗ ಹೇಳಿದ್ರ ದೋಷ ಐತೇನು? ಲಗ್ನದಾಗ ಹೇಳಿದಿ. ಮಗನ ಜಾವಳದಾಗ ಹೇಳಿದಿ. ಮೊನ್ನಿ ಕುಬಸದಾಗ ಹೇಳಿದಿ. ನನಗೇನಾಗೇತಿ? ಗುಂಡಕಲ್ಲಿನಂಗ ಕುಂತೀನಿ. ನಿನಗ ನೀರ ಬೇಕಾದ್ರ ಪೂರಾ ಒಡಪ ಹೇಳು. ಎಮ್ಮಿ ಕಟ್ಟು, ಬೆಣ್ಣಿ ಇಡು, ಆಮ್ಯಾಲ ನನ್ನ ಕರಿ. ನಾ ಅಲ್ಲಿತನಕಾ ನಿಂದರತೀನಿ."

ಅತ್ತೆ ಬಹಳ ಹೊತ್ತು ಯೋಚಿಸಿದರು. ಶಾಸ್ತ್ರಕ್ಕೆ ಅದು ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಗಂಟು ಬಿಚ್ಚು ಎಂದು ಕೈ ಮಾಡಿದರು.

ಬಾಯಿಯವರು ಅಷ್ಟನ್ನು ಹಿಡಿದುಕೊಂಡರು. ಒಡಪು ಹಾಗೇ ಇರಲಿ, ಕೊನೆಯ ಸಾಲಿನ ಹೊಸ್ತಿಲನ್ನು ಮಾತ್ರ ತೆಗೆದು ಅಲ್ಲಿ ಬೇಕಾದದ್ದನ್ನು ಇಡೋಣ ಎಂದರು. ಎರಡು ಸಾಲು ಓಟದಲ್ಲಿ ಬರುತ್ತಿದ್ದವು, ಹೆಸರೂ ಬರುತ್ತಿತ್ತು. ಅಲ್ಲಿಂದ ಮುಂದೆ ಆಕೆ ನೀರಿನ ಲೋಟ ಎತ್ತಿ ತೋರಿಸಿ, ಮೇಜಿನ ಮೇಲೆ ತಾಳ ಹಾಕಿ ತಾನೂ ಜೊತೆಗೆ ಹೇಳುವಳು, "ಹೆಸರ ಹೇಳಿ ನೀರಾ ಬೇಡೀನಿ." ಮೈಸೂರಿನ ಹುಡುಗಿ ನಮ್ಮ ರಾಗದಲ್ಲಿ ಹೇಳುವುದನ್ನು ಕೇಳುವುದೇ ಒಂದು ಚೆಂದ. ಹಲವು ವಾರ ಹೊಸ್ತಿಲೇ ಬರುತ್ತಿತ್ತು. ಒಂದು ದಿನ ನೀರು ಬಂತು. ಆಮೇಲೆ ಚಾ, ರೊಟ್ಟಿ, ಹಾಸಿಗೆ. ಎದುರು ಕೂತ ರಾಯಬಾಗದ ಮಗು ಬಾಯಿ ತೆರೆದುಕೊಂಡು ಕೇಳುತ್ತ ಕೇಳುತ್ತ, ಒಂದು ವಾರ ಬಿಸ್ಕೀಟಿಗೆ ಕೈ ಚಾಚಿ ನಮ್ಮ ಮಾವನವರ ಹೆಸರು ಹೇಳಿ "ಬೇಡೀನಿ" ಅಂದಿತು. ಅದರ ತಾಯಿ ನಾಚಿ ನೀರಾದಳು. ಮಾವನವರು ಮಾತ್ರ "ಓ" ಎಂದು ಬಿಸ್ಕೀಟು ಕೊಟ್ಟರು.

ಮನೆಯಲ್ಲಿ ನೀರು ಬೇಕಾದರೆ ಪೂರ್ತಿ ಒಡಪು ನಡೆಯುತ್ತಿತ್ತು. ಬಂದವರು ಬೆರಗಾಗಿ ನೋಡುವರು. ಮಾವನವರು ಕೊಟ್ಟ ಮಾತಿನಂತೆ ತಂಬಿಗೆ ಹಿಡಿದು, ಎಮ್ಮೆ ಕಟ್ಟಿ ಬೆಣ್ಣೆ ಇಡುವವರೆಗೆ ಪಕ್ಕದಲ್ಲಿ ನಿಂತಿರುವರು. ಅತ್ತೆ ನಡುವೆ ತಡವರಿಸಿದರೆ ಯಾರೂ ಹೇಳಿಕೊಡುವಂತಿಲ್ಲ, ಅದು ಬಾಯಿಯವರ ಆಜ್ಞೆ. ಹೇಳಿಕೊಡಲು ನಮ್ಮೆಲ್ಲರ ನಾಲಿಗೆ ತುರಿಸುತ್ತಿತ್ತು. ಅವರೊಬ್ಬರೇ ಸುಮ್ಮನೆ ಕಾಯುವುದರಲ್ಲಿ ಪಾಸಾದವರು. ಹುಟ್ಟಾ ಅಭ್ಯಾಸ.

ದಿನ ಕಳೆದಂತೆ ಒಡಪಿನ ಮೊದಲ ಸಾಲುಗಳು ಮಂತ್ರ ಗೊಣಗಿದ ಹಾಗೆ ತುಟಿಯೊಳಗೇ ಸರಿದುಹೋಗತೊಡಗಿದವು. ಆಮೇಲೆ "ನೀರಾ" ಎಂಬುದು ಹಿಂದೆ ಮುಂದೆ ಯಾರೂ ಇಲ್ಲದೆ ಒಂದೇ ಬಂತು. ನನ್ನನ್ನು ನನ್ನ ಹೆಸರಿನಿಂದಲೇ ಕರೆದ ದಿನ ನಾನು ಶಾಲೆಗೆ ರಜೆ ಹಾಕಿ ಹೋಳಿಗೆ ಮಾಡಿದೆ. ಮುಂದಿನ ಬೇಸಿಗೆಯ ಹೊತ್ತಿಗೆ ಒಂದೊಂದೇ ಶಬ್ದ, ಕೆಲವೊಮ್ಮೆ ಎರಡು, ನಾವು ಕಲಿಸಿದವು, ಬಿಡಿಬಿಡಿಯಾಗಿ ಅವರ ಬಾಯಲ್ಲಿದ್ದವು. ಸ್ವಂತವಾಗಿ ಕಟ್ಟಿ ಒಂದು ಮಾತು ಆಡುವುದು ಇನ್ನೂ ಆಗಿರಲಿಲ್ಲ. ಆದರೆ ಒಂದು ದಿನ ಕಟ್ಟೆಯ ಮೇಲೆ ನಿಂತು, ಮೊದಲಿನಷ್ಟು ಜೋರಾಗಿ ಅಲ್ಲದಿದ್ದರೂ, "ಏನ್ರೀ" ಎಂದರು. ಅಂದಿನಿಂದ ಹೆಸರು ನಿಂತುಹೋಯಿತು. ಅತ್ತೆಯ ಮುಖದ ಮೇಲಿನ ಭಯವೂ ಹೋಯಿತು.

ಎಲ್ಲರೂ ಹಿಗ್ಗಿದೆವು. ಮಾವನವರು ಮಾತ್ರ ಮತ್ತೆ ಮೊದಲಿನ ಮೌನಕ್ಕೆ ಹೋದರು. ಆರೋಗ್ಯ ಕೆಟ್ಟಿದೆಯೇನೋ ಎಂದು ನಾನು ಕೇಳಿದೆ, ಇಲ್ಲವೆಂದು ತಲೆಯಾಡಿಸಿದರು.

ಒಂದು ರವಿವಾರ ಮಧ್ಯಾಹ್ನ ನಾವು ಮೂವರೂ ಪಡಸಾಲೆಯಲ್ಲಿದ್ದೆವು. ಅತ್ತೆ ಎಡಗೈಯಿಂದ ಸೇಂಗಾ ಸುಲಿಯುತ್ತಿದ್ದರು. ಆ ಕೈ ಈಗ ಬಲಗೈಯಷ್ಟೇ ಪಳಗಿತ್ತು. ಮಾವನವರು ಎಮ್ಮೆಗೆ ಹಗ್ಗ ಹೊಸೆಯುತ್ತಿದ್ದರು. 

"ತಂಗಿ," ಅಂದರು ನನಗೆ, ಹಗ್ಗದಿಂದ ಕಣ್ಣು ತೆಗೆಯದೆ. "ನಮ್ಮವ್ವ ಹೋದ ಮ್ಯಾಲ ನನ್ನ ಹೆಸರ ಹಿಡದ ಯಾರೂ ಕರದಿದ್ದಿಲ್ಲ. ಎಲ್ಲಾರಿಗೂ ಅಪ್ಪ, ಮಾವ, ಅಜ್ಜ. ಈಗ ಒಂದ ವರ್ಷ ಕೇಳಿದ್ನಿ. ಚಲೋ ಅನಸ್ತಿತ್ತು." ಹಗ್ಗಕ್ಕೆ ಇನ್ನೊಂದು ಹೊಸೆತ ಕೊಟ್ಟು, "ಇನ್ನೊಮ್ಮಿ ಹೇಳ ಅಂದ್ರ ಹೇಳ್ತಾಳನ, ಕೇಳ ನೋಡು" ಅಂದರು.

ನಾನು ಅತ್ತೆಯ ಕಡೆ ನೋಡಿದೆ. ಅವರು ಕೈಯಲ್ಲಿದ್ದ ಸೇಂಗಾ ಮೊರಕ್ಕೆ ಹಾಕಿದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ನಾವಿಬ್ಬರೂ ಕಾದೆವು. ನಾನು ನಾಲಿಗೆ ಕಚ್ಚಿ ಹಿಡಿದುಕೊಂಡಿದ್ದೆ.

"ಹೇಳಾಂಗಿಲ್ಲ," ಅಂದರು ಅತ್ತೆ. ಮತ್ತೆ ಬಹಳ ಹೊತ್ತು ಹುಡುಕಿದರು, ಒಂದೊಂದು ಶಬ್ದಕ್ಕೂ ಎಡಗೈಯಿಂದ ನೆಲ ತಟ್ಟಿಕೊಂಡರು. "ನಾ... ಇರೂತನಕಾ... ನೀವು... ಇರ್ಬೇಕು."

ಇದು ಒಡಪಿನಲ್ಲಿ ಇರಲಿಲ್ಲ, ರಟ್ಟಿನ ಚಿತ್ರಗಳಲ್ಲಿ ಇರಲಿಲ್ಲ. ಯಾರೂ ಅವರಿಗೆ ಕಲಿಸಿರಲಿಲ್ಲ. ಮಾವನವರು ಹೊಸೆಯುವುದನ್ನು ನಿಲ್ಲಿಸಿದರು. ಪಟಕಾದ ತುದಿಯಿಂದ ಮುಖ ಒರೆಸಿಕೊಂಡರು. ನಾನಂತೂ ಅಳುತ್ತಿದ್ದೆ, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

"ಆತು ತಗೋ," ಅಂದರು ಮಾವನವರು ಹೆಂಡತಿಗೆ. "ಇರ್ತೀನಿ."